ಹಲ್ಲಿಯ ಹಿಂದಿನ ಗೋಡೆ

ಕೊಪ್ಪ ತಾಲ್ಲೂಕಿನ ಕಮ್ಮರಡಿಯಲ್ಲಿರುವ ಅಕ್ಕನ ಮನೆಯಲ್ಲಿ ಸಂಜೆ ಜಗಲಿಯ ದೀಪ ಹಾಕಿದ ಐದೇ ನಿಮಿಷಕ್ಕೆ ಹಲ್ಲಿಗಳು ಹಾಜರಾಗುತ್ತವೆ. ಸುಣ್ಣದ ಗೋಡೆಯ ಮೇಲೆ ಬೆಳ್ಳಗೆ, ತೊಲೆಯ ಮೇಲೆ ಕಂದಾಗಿ ಕಾಣುತ್ತ ಹುಳುಗಳಿಗೆ ಹೊಂಚು ಹಾಕುತ್ತವೆ. ಅವುಗಳ ಫೋಟೋ ತೆಗೆಯಬೇಕೆಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಹಲ್ಲಿ ಲೊಚಗುಟ್ಟಿದರೆ ಶಕುನ, ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲ ನೋಡುವುದು, ಅಲ್ಲಿಗೆ ಅದರ ಕತೆ ಮುಗಿಯಿತು.

ಹೋದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಅಕ್ಕನ ಮಗ ಒಂದು ಡಬ್ಬಿಯಲ್ಲಿ ತಾನು ಸಾಕಿದ ಲೆಪರ್ಡ್ ಗೆಕ್ಕೊ ತಂದಿದ್ದ. ರಜೆಯಲ್ಲಿ ನೋಡಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲವಂತೆ. ಹಳದಿ ಮೈ, ಕಪ್ಪು ಚುಕ್ಕೆ, ದಪ್ಪ ಬಾಲ. "ಮಾವ, ಇದರ ಫೋಟೋ ಎಷ್ಟು ತೆಗೆದರೂ ಸರಿ ಬರ್ತಾ ಇಲ್ಲ" ಎಂದು ಮೊಬೈಲು ಕೊಟ್ಟ. ನೂರಾರು ಚಿತ್ರಗಳಿದ್ದವು. ಎಲ್ಲದರಲ್ಲೂ ಮೂಗಿನ ಮೇಲೆ ಫ್ಲ್ಯಾಶಿನ ಬಿಳಿ ಕಲೆ, ಹಿಂದೆ ಅಡುಗೆಮನೆಯ ಟೈಲ್ಸು, ಕಣ್ಣಿನ ಜಾಗದಲ್ಲಿ ಬರೀ ಒಂದು ಗೆರೆ. ಅಕ್ಕ ಇಣುಕಿ ನೋಡಿ, "ಗೋಡೆ ಮೇಲೆ ಬಿಟ್ಟಿ ಇರೋದನ್ನ ಬಿಟ್ಟು ದುಡ್ಡು ಕೊಟ್ಟು ತಂದಿದಾನೆ" ಎಂದು ಒಳಗೆ ಹೋದಳು.

ಆ ಚಿತ್ರಗಳನ್ನು ನೋಡುತ್ತಿದ್ದಾಗ ನನಗೆ ಹೊಳೆದದ್ದು ಹುಡುಗನ ತಪ್ಪಲ್ಲ. ಹಲ್ಲಿಯನ್ನು ಚಿತ್ರಕ್ಕೆ ತಂದವರೆಲ್ಲ ಮೊದಲು ಮಾಡಿದ ಕೆಲಸ ಅದರ ಹಿಂದಿನ ಗೋಡೆಯನ್ನು ಅಳಿಸಿ ಹಾಕುವುದು.

ಹತ್ತೊಂಬತ್ತನೇ ಶತಮಾನದಿಂದ ಹೊರಡೋಣ. ಮದರಾಸು ಸೈನ್ಯದ ವೈದ್ಯ ಥಾಮಸ್ ಜೆರ್ಡನ್ 1853ರಲ್ಲಿ ಒಂದು ಪುಟ್ಟ ಹಲ್ಲಿಗೆ 'ಮೈಸೋರಿಯೆನ್ಸಿಸ್' ಎಂದು ನಮ್ಮ ಸೀಮೆಯ ಹೆಸರಿಟ್ಟ. ಮರುವರ್ಷ, 1854ರಲ್ಲಿ, ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಪಂಜಾಬಿನ ಉಪ್ಪಿನ ಬೆಟ್ಟಸಾಲಿನಿಂದ ಬಂದ ಚುಕ್ಕೆ ಹಲ್ಲಿಯೊಂದನ್ನು ವರ್ಣಿಸಿದ. ಅಕ್ಕನ ಮಗನ ಡಬ್ಬಿಯಲ್ಲಿದ್ದದ್ದು ಅದೇ ಜಾತಿ. ಈಗ ಪಾಕಿಸ್ತಾನದಲ್ಲಿರುವ ಆ ಬೆಟ್ಟಗಳ ಪ್ರಾಣಿ ಪಶ್ಚಿಮದ ಸಾಕಣೆದಾರರ ಕೈಯಲ್ಲಿ ತಲೆಮಾರುಗಟ್ಟಲೆ ಬೆಳೆದು, ಬಗೆಬಗೆಯ ಬಣ್ಣದ ತಳಿಗಳಾಗಿ, ಜಗತ್ತಿನ ಸಾಕುಪ್ರಾಣಿ ಪೇಟೆಗಳಿಗೆ ಹರಡಿತು. 1870ರಲ್ಲಿ ಮದರಾಸಿನ ಅರಣ್ಯಾಧಿಕಾರಿ ಬೆಡ್ಡೋಮ್ ಇನ್ನೊಂದಕ್ಕೆ ಕೊಳ್ಳೇಗಾಲದ ಹೆಸರಿಟ್ಟ. ಸಯಾಮಿನ ರಾಜಮನೆತನಕ್ಕೆ ವೈದ್ಯನಾಗಿದ್ದ ಮಾಲ್ಕಮ್ ಸ್ಮಿತ್, ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಮಾಲೆಯಲ್ಲಿ ಹಲ್ಲಿ ಓತಿಗಳ ಸಂಪುಟ ತಂದದ್ದು 1935ರಲ್ಲಿ. ನಮ್ಮ ಜೋಗದ ಪರಿಸರದ ಒಂದು ಹಲ್ಲಿ ವಿಜ್ಞಾನದ ದಾಖಲೆಗೆ ಸೇರಿದ್ದು ಆ ವರ್ಷವೇ. ಅದಕ್ಕೆ ಪ್ರಾಣಿವಿಜ್ಞಾನಿ ಬೈನಿ ಪ್ರಸಾದರ ಹೆಸರು ಸಿಕ್ಕಿತು.

ಇವರೆಲ್ಲರ ಕೈಗೆ ಹಲ್ಲಿ ಸಿಗುತ್ತಿದ್ದದ್ದು ಹೆಚ್ಚಾಗಿ ಮದ್ಯಸಾರದ ಸೀಸೆಯಲ್ಲಿ. ಸೀಸೆಯಲ್ಲಿ ಬಣ್ಣ ಮಾಸುತ್ತದೆ, ಉಳಿಯುವುದು ಹುರುಪೆಗಳ ಲೆಕ್ಕ, ಬೆರಳಿನಡಿಯ ಪಟ್ಟಿಗಳ ಲೆಕ್ಕ. ಚಿತ್ರ ಬರೆಸಿದರೂ ಅದು ಬಿಳಿ ಕಾಗದದ ಮೇಲೆ. ಆ ಬಿಳಿ ಕಾಗದ ಅವರಿಗೆ ಅನುಕೂಲವಾಗಿತ್ತು. ಎರಡು ಜಾತಿಗಳನ್ನು ಹೋಲಿಸಬೇಕಾದಾಗ ಹಿಂದಿನ ಗೋಡೆ ಅಡ್ಡಿಯೇ. ಆದರೆ ಹಲ್ಲಿಯ ಬದುಕಿನಲ್ಲಿ ಗೋಡೆಯೇ ಅರ್ಧ ಕತೆ ಎಂಬುದು ಅಲ್ಲಿಂದಲೇ ಮರೆತುಹೋಯಿತೇನೋ.

ಇನ್ನು ಬೆಳಕಿನ ವಿಷಯ. ಆ ಕಾಲದ ಫೋಟೋ ಸ್ಟುಡಿಯೋಗಳಲ್ಲಿ ಬಲ್ಬಿರಲಿಲ್ಲ. ಉತ್ತರಕ್ಕೆ ಮುಖಮಾಡಿದ ಗಾಜಿನ ಮಾಡು, ಅದರ ಕೆಳಗೆ ತೆಳು ಬಟ್ಟೆಯ ಪರದೆಗಳು. ಬಿಸಿಲು ನೇರ ಬೀಳದೆ ಹರಡಿ ಬೀಳುತ್ತಿತ್ತು. ಕೂತವರ ಹಿಂದೆ ಅರಮನೆ ಮೆಟ್ಟಿಲಿನ, ಉದ್ಯಾನದ ಬಣ್ಣದ ಪರದೆ. ಹಳೆಯ ಮನೆಗಳ ಗೋಡೆಯಲ್ಲಿ ತೂಗುವ ಅಜ್ಜ ಅಜ್ಜಿಯರ ಚಿತ್ರಗಳಲ್ಲಿ ಮುಖದ ಸುಕ್ಕೂ ಸೆರಗಿನ ಮಡಿಕೆಯೂ ಅಷ್ಟು ಚೆನ್ನಾಗಿ ಬಂದಿರುವುದಕ್ಕೆ ಆ ಹರಡಿದ ಬೆಳಕೇ ಕಾರಣ. ಆದರೆ ಅಜ್ಜನನ್ನು ಕೆಲವು ಕ್ಷಣ ಅಲುಗಾಡದೆ ಕೂರಿಸಬಹುದು, ಹಲ್ಲಿಯನ್ನು ಹೇಗೆ ಕೂರಿಸುವುದು? ಅದೂ ರಾತ್ರಿಯ ಪ್ರಾಣಿಯನ್ನು?

1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಮೆಗ್ನೀಸಿಯಮ್ ಪುಡಿ ಬೆರೆಸಿದ ಮಿಂಚುಪುಡಿ ತಯಾರಿಸಿದರು. ಕಿಡಿ ತಾಗಿದರೆ ಕಣ್ಣು ಕೋರೈಸುವ ಬೆಳಕು, ಹಿಂದೆಯೇ ಬಿಳಿ ಹೊಗೆ. ಕೈ ಸುಟ್ಟುಕೊಂಡವರು ಎಷ್ಟೋ ಮಂದಿ. ಆ ಪುಡಿಯಿಂದ ಅಮೆರಿಕದ ಜಾರ್ಜ್ ಶೈರಸ್ ದೋಣಿಯಲ್ಲಿ ಕೂತು ರಾತ್ರಿ ನೀರಿಗೆ ಬರುವ ಜಿಂಕೆಗಳನ್ನು ಹಿಡಿದ. 1906ರ ಜುಲೈಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಅವನ 74 ಚಿತ್ರಗಳನ್ನು ಒಟ್ಟಿಗೆ ಅಚ್ಚು ಹಾಕಿತು. ಭಾರತದಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಹುಲಿ ತುಳಿಯುವ ದಾರಿಗೆ ತಂತಿ ಕಟ್ಟಿ, ಹುಲಿ ತಾನೇ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದ. ಅವನ ಪುಸ್ತಕ ಬಂದದ್ದು 1927ರಲ್ಲಿ. ಕೋವಿ ಬಿಟ್ಟು ಕ್ಯಾಮೆರಾ ಹಿಡಿಯಿರಿ ಎಂಬ ಅವನ ವಾದಕ್ಕೆ ಆ ಚಿತ್ರಗಳೇ ಸಾಕ್ಷಿಯಾದವು.

ಆ ಚಿತ್ರಗಳಲ್ಲೇ ಒಂದು ಹೊಸ ಹಿನ್ನೆಲೆ ಹುಟ್ಟಿತು. ಅದು ಕಗ್ಗತ್ತಲು. ಯಾರೂ ಕಪ್ಪು ಪರದೆ ಕಟ್ಟಿರಲಿಲ್ಲ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಾಗುತ್ತದೆ, ಮೂರರಷ್ಟಾದರೆ ಒಂಬತ್ತನೇ ಒಂದು. ಫ್ಲ್ಯಾಶಿನಿಂದ ಒಂದು ಗೇಣು ದೂರದಲ್ಲಿ ಹಲ್ಲಿ, ಮೂರು ಗೇಣು ದೂರದಲ್ಲಿ ಮರ ಇದ್ದರೆ, ಹಲ್ಲಿಗೆ ಹೊಂದಿಸಿದ ಬೆಳಕಿನಲ್ಲಿ ಮರ ಮಾಯ. ಸಣ್ಣ ಪ್ರಾಣಿಗಳ ಚಿತ್ರಗಳಿಗೆ ಈ ಕತ್ತಲು ಅಂಟಿಕೊಂಡು ಬಂತು. ಹಗಲು ತೆಗೆದ ಮಿಡತೆಯೂ ಅಮಾವಾಸ್ಯೆಯಲ್ಲಿ ಕೂತಂತೆ ಕಾಣುವುದು ಇದೇ ಲೆಕ್ಕದಿಂದ.

1930ರ ಹೊತ್ತಿಗೆ ಪುಡಿಯ ಬದಲು ಒಮ್ಮೆ ಉರಿದು ಹೋಗುವ ಬಲ್ಬು ಬಂತು, ಅದೇ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಮತ್ತೆ ಮತ್ತೆ ಹೊಳೆಯುವ ವಿದ್ಯುತ್ ಫ್ಲ್ಯಾಶನ್ನು ಬಳಕೆಗೆ ತಂದ. 1952ರಲ್ಲಿ ಲೆಸ್ಟರ್ ಡೈನ್ ಮಾಡಿದ, ಲೆನ್ಸಿನ ಸುತ್ತ ಉಂಗುರದಂತೆ ಕೂರುವ ಫ್ಲ್ಯಾಶ್ ಮೂಲತಃ ಹಲ್ಲಿನ ವೈದ್ಯರಿಗಾಗಿ. ನೆರಳೇ ಬೀಳದಂತೆ ಬಾಯಿಯೊಳಗೆ ಬೆಳಕು ಹಾಯಿಸುವುದು ಅದರ ಕೆಲಸ. ಅದನ್ನೇ ಹಲ್ಲಿಗೂ ಹುಳುವಿಗೂ ಬಳಸಿದವರಿದ್ದಾರೆ. (ಹಲ್ಲಿಗೂ ಹಲ್ಲಿಗೂ ಕನ್ನಡದಲ್ಲಿ ಒಂದೇ ಅಕ್ಷರವಾದರೂ ಬೆಳಕು ಒಂದೇ ಆಗಬೇಕಿಲ್ಲ.) ನೆರಳಿಲ್ಲದ ಹಲ್ಲಿ ಚಪ್ಪಟೆಯಾಗಿ ಕಾಣುತ್ತದೆ, ಹುರುಪೆಗಳ ಉಬ್ಬು ತಗ್ಗು ಹೋಗುತ್ತದೆ, ಕಣ್ಣಿನಲ್ಲಿ ಬಳೆಯಂಥ ಬಿಳಿ ವೃತ್ತ ಕೂರುತ್ತದೆ.

ಕರ್ನಾಟಕದಲ್ಲಿ ಈ ಮಾತಿಗೆ ಬೇರೆಯೇ ದಿಕ್ಕು ಕೊಟ್ಟವರಿದ್ದರು. ಸಂಡೂರಿನ ಎಂ. ವೈ. ಘೋರ್ಪಡೆ, ರಾಜ್ಯದ ಹಣಕಾಸು ಮಂತ್ರಿಯೂ ಆಗಿದ್ದವರು, 1983ರಲ್ಲಿ ತಂದ ವನ್ಯಜೀವಿ ಚಿತ್ರಗಳ ಪುಸ್ತಕಕ್ಕೆ ಬಿಸಿಲು ನೆರಳು ಎಂಬರ್ಥದ ಹೆಸರನ್ನೇ ಇಟ್ಟರು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಅವರ ಚಿತ್ರಗಳನ್ನು ನೋಡಿ ಬೆಳೆದ ಒಂದು ಪೀಳಿಗೆಯೇ ಇದೆ. ನಮ್ಮ ಮಲೆನಾಡಿನ ಮಟ್ಟಿಗೆ ಮೂಡಿಗೆರೆಯ ತೇಜಸ್ವಿ. ಹಕ್ಕಿಗಳ ಚಿತ್ರಕ್ಕಾಗಿ ಅವರು ಕಾದು ಕೂರುತ್ತಿದ್ದದ್ದು ಕನ್ನಡ ಓದುಗರಿಗೆ ಗೊತ್ತಿರುವ ಸಂಗತಿಯೇ. 'ಕರ್ವಾಲೊ'ದಲ್ಲಿ ಕಾಡು ಸುತ್ತಿ ಹುಡುಕಿದ ಹಾರುವ ಓತಿ ಕೊನೆಗೆ ಯಾರ ಕೈಗೂ ಉಳಿಯುವುದಿಲ್ಲ, ಕಣಿವೆಗೆ ತೇಲಿಹೋಗುತ್ತದೆ. ಡಬ್ಬಿಯ ಹಲ್ಲಿಗೆ ಆ ಅವಕಾಶವಿಲ್ಲ. ಅದು ಎಲ್ಲಿ ಕೂರಬೇಕು, ಅದರ ಹಿಂದೆ ಏನಿರಬೇಕು, ಎಷ್ಟು ಹೊತ್ತು ಬೆಳಕು ಸಹಿಸಬೇಕು ಎಂಬುದನ್ನೆಲ್ಲ ನಾವೇ ತೀರ್ಮಾನಿಸುತ್ತೇವೆ. ಛಾಯಾಚಿತ್ರ ಸ್ಪರ್ಧೆಗಳನ್ನು ನಡೆಸುವ ಮೂರು ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳು 2014ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯಂತೆ ಸಾಕುಪ್ರಾಣಿಯ ಚಿತ್ರ ನಿಸರ್ಗ ವಿಭಾಗಕ್ಕೆ ಸಲ್ಲುವುದಿಲ್ಲ. ನನಗೆ ಅದು ಸರಿಯೆನಿಸುತ್ತದೆ. ಅಂದಮೇಲೆ ಸಾಕಿದ ಹಲ್ಲಿಯ ಚಿತ್ರ ಕಾಡಿನ ಚಿತ್ರದಂತೆ ನಟಿಸಬೇಕಾದ ಅಗತ್ಯವೂ ಇಲ್ಲ.

ಹಲ್ಲಿಯ ಕಡೆಯಿಂದ ನೋಡಿದರೆ ಈ ಇತಿಹಾಸ ಇನ್ನೂ ಕುತೂಹಲದ್ದು. ರಾತ್ರಿ ಓಡಾಡುವ ಹಲ್ಲಿಗಳ ಪಾಪೆ ಕತ್ತಲಲ್ಲಿ ಅಗಲವಾಗಿ ತೆರೆದು, ಬೆಳಕಿನಲ್ಲಿ ನೆಟ್ಟಗಿನ ಸೀಳಾಗುತ್ತದೆ. ಹುಡುಗನ ಚಿತ್ರದ ಗೆರೆ ಅದೇ. ಟಾರ್ಚು ಹಿಡಿದು ಫೋಕಸ್ ಮಾಡುವಷ್ಟರಲ್ಲಿ ಕಣ್ಣು ಮುಚ್ಚಿದಂತೆಯೇ ಲೆಕ್ಕ. ಸ್ವೀಡನ್ನಿನ ಇಬ್ಬರು ಸಂಶೋಧಕರು 2004ರಲ್ಲಿ ಆಫ್ರಿಕಾದ ಒಂದು ಹಲ್ಲಿಯನ್ನು ಪರೀಕ್ಷಿಸಿ, ನಮಗೆ ಬರೀ ಬೂದು ಕಾಣುವ ಮಬ್ಬು ಬೆಳದಿಂಗಳಲ್ಲೂ ಅದು ಬಣ್ಣ ಗುರುತಿಸುತ್ತದೆಂದು ತೋರಿಸಿದರು. ಬಣ್ಣ ಕಾಣುವ ಮಟ್ಟಿಗೆ ಅದರ ಕಣ್ಣು ನಮ್ಮದಕ್ಕಿಂತ ಸುಮಾರು 350 ಪಟ್ಟು ಸೂಕ್ಷ್ಮವಂತೆ. ಅಂಥ ಕಣ್ಣಿನ ಮುಂದೆ ನಾವು ಒಂದು ಗೇಣು ದೂರದಿಂದ ಫ್ಲ್ಯಾಶ್ ಹೊಡೆಯುತ್ತೇವೆ.

ಹಿನ್ನೆಲೆಯದೂ ಹಾಗೆಯೇ. ಸುಣ್ಣದ ಗೋಡೆಯಲ್ಲಿ ಬಿಳಿ, ತೊಲೆಯಲ್ಲಿ ಕಂದು ಎಂದೆನಲ್ಲ, ಅದು ಬರೀ ನೋಟದ ಭ್ರಮೆಯಲ್ಲ. ಎಷ್ಟೋ ಹಲ್ಲಿಗಳು ಕೂತ ಜಾಗಕ್ಕೆ ತಕ್ಕಂತೆ ಮೈಬಣ್ಣವನ್ನು ತಿಳಿಯಾಗಿಸುತ್ತವೆ, ಗಾಢವಾಗಿಸುತ್ತವೆ. 2014ರಲ್ಲಿ ಇಟಲಿಯವರು ಮೆಡಿಟರೇನಿಯನ್ ಕಡೆಯ ಗೋಡೆಹಲ್ಲಿಯ ಕಣ್ಣು ಮುಚ್ಚಿ ನೋಡಿದರು, ಆಗಲೂ ಬಣ್ಣ ಬದಲಾಯಿತು. ಅದರ ಚರ್ಮಕ್ಕೇ ಬೆಳಕಿನ ಅರಿವಿದೆ ಎಂದು ಅವರ ತೀರ್ಮಾನ. ಎಂದರೆ ಇಂಥ ಹಲ್ಲಿಯ ಹಿಂದಿನ ಗೋಡೆಯನ್ನು ಬದಲಿಸಿದರೆ ಹಲ್ಲಿಯೂ ಬದಲಾಗುತ್ತದೆ. 2009ರಲ್ಲಿ ನೈಲ್ ಬೆನ್ವಿ ಮತ್ತು ಕ್ಲೇ ಬೋಲ್ಟ್ ಎಂಬವರು ಶುರುಮಾಡಿದ, ಊರಂಚಿನ ಜೀವಿಗಳನ್ನು ಬೆಳಗುವ ಅಚ್ಚಬಿಳಿ ಹಿನ್ನೆಲೆಯಲ್ಲಿ ತೆಗೆಯುವ ಪದ್ಧತಿ ಜಗತ್ತಿನಾದ್ಯಂತ ಹಬ್ಬಿತು. ಚಿತ್ರಗಳೇನೋ ಬಹಳ ಚೆಲುವಾಗಿವೆ. ಆದರೆ ಅವು ನನಗೆ ಬ್ಲೈತನ ಕಾಲದ ಬಿಳಿ ಕಾಗದವನ್ನೇ ನೆನಪಿಸುತ್ತವೆ.

ಇಷ್ಟನ್ನೂ ಹುಡುಗನಿಗೆ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, "ಸರಿ ಮಾವ, ಈಗ ಏನು ಮಾಡೋಣ?" ಎಂದ.

ಅಕ್ಕನ ಮನೆಯ ನಡುಕೋಣೆಯ ಮಾಡಿನಲ್ಲಿ ಎರಡು ಗಾಜಿನ ಹೆಂಚುಗಳಿವೆ. ಬೆಳಿಗ್ಗೆ ಅಲ್ಲಿಂದ ಬಿಸಿಲಿನ ಕೋಲು ನೆಲಕ್ಕೆ ಬೀಳುತ್ತದೆ. ಅದಕ್ಕೆ ಅಡ್ಡಲಾಗಿ ಭಾವನ ಬಿಳಿ ಪಂಚೆಯನ್ನು ಎರಡು ಕುರ್ಚಿಗಳ ಬೆನ್ನಿಗೆ ಕಟ್ಟಿದೆವು. ಹಳೇ ಸ್ಟುಡಿಯೋದ ಗಾಜಿನ ಮಾಡು, ತೆಳು ಪರದೆ ಎರಡೂ ಒದಗಿದವು. ನಾಲ್ಕು ಮೊಳದ ಪಂಚೆ ಒಂದು ಗೇಣಿನ ಹಲ್ಲಿಗೆ ಆಕಾಶದಷ್ಟು ದೊಡ್ಡ ದೀಪ. ದೀಪ ಪ್ರಾಣಿಗಿಂತ ದೊಡ್ಡದಾದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ. ಇನ್ನೊಂದು ಬದಿ ತೀರ ಕಪ್ಪಾಗದಿರಲೆಂದು ಟಿವಿ ಡಬ್ಬಿಯ ಥರ್ಮಾಕೋಲ್ ತುಂಡು ನಿಲ್ಲಿಸಿದೆವು.

ಹಿನ್ನೆಲೆಗೆ ಹುಡುಗ ಬಾವಿಕಟ್ಟೆಯಿಂದ ಹಸಿರು ಪಾಚಿ ಕಿತ್ತು ತಂದಿದ್ದ. ಬೇಡವೆಂದೆ. ಇದು ಒಣ ಕಲ್ಲುನೆಲದ ಪ್ರಾಣಿ, ಮಲೆನಾಡಿನ ಪಾಚಿಯ ಮೇಲೆ ಕೂರಿಸಿದರೆ ಸುಳ್ಳಾಗುತ್ತದೆ. ಗೋಡೆಗೆ ಹತ್ತಿಸುವ ಆಸೆಯೂ ಅವನಿಗಿತ್ತು. ಲೆಪರ್ಡ್ ಗೆಕ್ಕೊದ ಬೆರಳಿನಡಿ ಅಂಟುಪಟ್ಟಿಗಳಿಲ್ಲ, ಅದು ಗೋಡೆ ಹತ್ತುವುದೇ ಇಲ್ಲ. ಬೇರೆ ಹಲ್ಲಿಗಳಿಗಿಲ್ಲದ ರೆಪ್ಪೆ ಇದಕ್ಕಿದೆ. ಕೊನೆಗೆ ಕಾಲಡಿಗೆ ಒಂದು ಜಂಬಿಟ್ಟಿಗೆ ಕಲ್ಲು (ಅದೂ ಪಂಜಾಬಿನದಲ್ಲ, ಒಪ್ಪಿಕೊಳ್ಳುತ್ತೇನೆ), ಎರಡಡಿ ಹಿಂದೆ ಒಣಗಿದ ಅಡಿಕೆ ಹಾಳೆ. ಹಾಳೆಗೆ ಹೊಳಪಿಲ್ಲ, ತಿಳಿಗಂದು ಬಣ್ಣ, ದೂರವಿದ್ದುದರಿಂದ ಅದರ ಗೀರುಗಳೆಲ್ಲ ಕರಗಿ ಒಣ ಮಣ್ಣಿನ ದಿಬ್ಬದಂತೆ ಕಂಡಿತು.

ಅಲುಗಾಡದಿರಲೆಂದು ಪ್ರಾಣಿಯನ್ನು ಫ್ರಿಜ್ಜಿನಲ್ಲಿ ತಣ್ಣಗಾಗಿಸಿ ತೆಗೆಯುವವರಿದ್ದಾರೆಂದು ಅವನೇ ಹೇಳಿದ. ತಣ್ಣೆತ್ತರಿನ ಜೀವಕ್ಕೆ ಅದು ಚಿತ್ರಹಿಂಸೆ. ಬಾಲ ಹಿಡಿದು ಸರಿಪಡಿಸುವುದೂ ಬೇಡ, ಹೆದರಿದರೆ ಬಾಲ ಕಳಚುತ್ತದೆ, ಅದರ ಕೊಬ್ಬಿನ ಉಗ್ರಾಣವೇ ಆ ಬಾಲ. ಕಲ್ಲಿನ ಪಕ್ಕ ಡಬ್ಬಿ ತೆರೆದಿಟ್ಟು ಸುಮ್ಮನೆ ಕೂತೆವು. ಅದು ತಾನಾಗಿ ಕಲ್ಲಿನ ಮೇಲೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು.

ಹುಡುಗ ನೆಲಕ್ಕೆ ಮಲಗಿ, ಹಲ್ಲಿಯ ಕಣ್ಣಿನ ಮಟ್ಟಕ್ಕೆ ಮೊಬೈಲು ಹಿಡಿದು ಏಳೆಂಟು ಚಿತ್ರ ತೆಗೆದ. ಪಾಪೆ ಪೂರ್ತಿ ಅಗಲವಾಗಿರಲಿಲ್ಲ, ಆದರೆ ಗೆರೆಯೂ ಆಗಿರಲಿಲ್ಲ. ದೊಡ್ಡದು ಮಾಡಿ ನೋಡಿದಾಗ ಕಣ್ಣಿನೊಳಗೆ ಭಾವನ ಪಂಚೆ, ಅದರ ಕರೆಯ ಸಮೇತ ಕಂಡಿತು. ಅಕ್ಕನಿಗೆ ತೋರಿಸಿದರೆ ಮೊದಲು ಹಲ್ಲಿಯನ್ನಲ್ಲ, ಪಂಚೆಯನ್ನೇ ಗುರುತಿಸಿದಳು. ಅಷ್ಟರಲ್ಲಿ ಮೋಡ ಕವಿದು ಹೆಂಚಿನ ಬೆಳಕು ಹೋಯಿತು. ಕಲ್ಲು ಎತ್ತಿಟ್ಟು, ಹಲ್ಲಿಯನ್ನು ಡಬ್ಬಿಗೆ ಬಿಟ್ಟು, ಕಾಫಿಗೆ ಎದ್ದೆವು.