ಹೆಸರು ವೈರಲ್ ಆಯಿತು, ಊರು?

ಇವತ್ತು ರಾಬರ್ಟ್‌ಸನ್‌ಪೇಟೆ ಕಡೆ ಹೋಗೋಣ. ನನ್ನ ಮೊಬೈಲ್‌ನಲ್ಲಿ ‘ಕೆಜಿಎಫ್’ ಅಂತ ಹುಡುಕಿದರೆ ಮೊದಲು ಬರೋದು ಸಿನಿಮಾ, ಆಮೇಲೆ ಊರು.

2021ರ ಜನವರಿ 8ರ ಬೆಳಗ್ಗೆ ಬರಬೇಕಿದ್ದ ‘ಕೆಜಿಎಫ್ ಚಾಪ್ಟರ್ 2’ ಟೀಸರ್ ಸೋರಿಕೆಯಾಯಿತು. ಚಿತ್ರತಂಡ 7ರ ರಾತ್ರಿಯೇ ಅದನ್ನು ಯೂಟ್ಯೂಬ್‌ಗೆ ಹಾಕಿಬಿಟ್ಟಿತು. ಕೆಲವೇ ದಿನಗಳಲ್ಲಿ ವೀಕ್ಷಣೆ 10 ಕೋಟಿ ದಾಟಿತು. ಹಿಂದೆ ಗೋಡೆಗೆ ಪೋಸ್ಟರ್ ಅಂಟಿಸೋಕೆ ಕೂಲಿ ಕೊಡಬೇಕಿತ್ತು. ಈಗ ಅಭಿಮಾನಿಗಳೇ ಪುಕ್ಕಟೆಯಾಗಿ ಶೇರ್ ಮಾಡಿದರು. ವೈರಲ್ ಮಾರ್ಕೆಟಿಂಗ್ ಅಂದ್ರೆ ಇದೇ.

ಆದರೆ ಈ ಊರಿನ ನಿಜವಾದ ಕಥೆ ಇನ್ನೂ ಹಳೇದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಇಲ್ಲಿನ ಗಣಿಗಳಿಗೆ ಕರೆಂಟ್ ತಂದರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ! ಗಣಿಯ ಆಳ 3 ಕಿ.ಮೀ. ಮೀರಿತ್ತು. 2001ರಲ್ಲಿ ಬಿಜಿಎಂಎಲ್ ಗಣಿ ಮುಚ್ಚಿತು. ಅಲ್ಲಿಂದ ಎಷ್ಟೋ ಮನೆಯವರ ದುಡಿಮೆ ಬೆಂಗಳೂರಿನ ರೈಲು ಹತ್ತಿತು.

ಸಿನಿಮಾದ ಕಥೆ ಕಲ್ಪನೆ. ಅದರ ಚಿತ್ರೀಕರಣ ನಡೆದ ಸೈನೈಡ್ ದಿಬ್ಬಗಳು ಕಲ್ಪನೆಯಲ್ಲ. ಗಾಳಿ ಬೀಸಿದರೆ ಆ ದೂಳು ಮನೆಗಳ ಮೇಲೆ ಬೀಳುತ್ತೆ. ಮುಂದಿನ ಸಲ ಹುಡುಕುವಾಗ ಸಿನಿಮಾ ದಾಟಿ ಸ್ವಲ್ಪ ಕೆಳಗೂ ನೋಡಿ. ಗಣಿ ಕಾರ್ಮಿಕರ ಕ್ವಾರ್ಟರ್ಸ್, ಬಾಕಿ ಹಣದ ಸುದ್ದಿ ಅಲ್ಲಿರುತ್ತೆ. ಅದನ್ನೂ ಒಮ್ಮೆ ಫಾರ್ವರ್ಡ್ ಮಾಡಿ.