ಗಣಿ ರಸ್ತೆಗಳ ಸುಧಾರಣೆ: ಬಳ್ಳಾರಿ–ಸಂಡೂರು ವಲಯ

ಅದಿರಿನ ಲಾರಿಗಳೂ ಊರಿನ ಬಸ್ಸು, ಬೈಕು, ಟ್ರ್ಯಾಕ್ಟರುಗಳೂ ಒಂದೇ ರಸ್ತೆಯಲ್ಲಿ ಓಡಾಡುವ ಕಡೆ ಆ ರಸ್ತೆಯನ್ನು ಅಗಲಿಸುವುದು, ಬಲಪಡಿಸುವುದು, ಸಾಧ್ಯವಾದರೆ ಅದಿರನ್ನೇ ಬೇರೆ ದಾರಿಗೆ ತಿರುಗಿಸುವುದು ಈ ಯೋಜನೆಗಳ ಉದ್ದೇಶ. ಕರ್ನಾಟಕದಲ್ಲಿ ಸಮಸ್ಯೆ ಅತಿ ತೀವ್ರವಾಗಿ ಕಂಡದ್ದು 2000ದ ದಶಕದಲ್ಲಿ, ಬಳ್ಳಾರಿ, ಸಂಡೂರು, ಹೊಸಪೇಟೆಗಳ ಸುತ್ತ. ಕಲ್ಲು ಕ್ವಾರಿ, ಜಲ್ಲಿ ಕ್ರಷರ್ ಇರುವ ಊರುಗಳಲ್ಲೂ ಲೆಕ್ಕ ಇದೇ, ಪ್ರಮಾಣ ಚಿಕ್ಕದು.

ಹಿನ್ನೆಲೆ

ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಸಂಡೂರಿನ ಗುಡ್ಡಗಳ ಅದಿರಿನ ದೊಡ್ಡ ಪಾಲು ರಸ್ತೆಗಿಳಿಯಿತು. ಹೊಸಪೇಟೆಯಿಂದ ಗದಗ, ಹುಬ್ಬಳ್ಳಿ ಹಾದು, ಅರಬೈಲು ಘಟ್ಟ ಇಳಿದು ಅಂಕೋಲಾ ಸೇರುವ ಆಗಿನ ರಾಷ್ಟ್ರೀಯ ಹೆದ್ದಾರಿ 63 ಬೇಲೆಕೇರಿ ಮತ್ತು ಕಾರವಾರ ಬಂದರುಗಳ ದಾರಿಯಾಯಿತು. ಮಂಗಳೂರಿಗೆ ಹೋಗುವ ಲಾರಿಗಳು ಶಿರಾಡಿ ಘಟ್ಟ ಹಿಡಿದವು. ಲೋಕಾಯುಕ್ತ ನ್ಯಾ. ಎನ್. ಸಂತೋಷ್ ಹೆಗ್ಡೆ ಅವರ 2008 ಮತ್ತು 2011ರ ವರದಿಗಳು ಅಕ್ರಮ ಗಣಿಗಾರಿಕೆಯ ಜತೆಗೆ ಅತಿಭಾರದ ಸಾಗಣೆಯನ್ನೂ ದಾಖಲಿಸಿದವು. ರಾಜ್ಯ ಸರ್ಕಾರ 2010ರ ಜುಲೈನಲ್ಲಿ ರಫ್ತು ಅದಿರಿನ ಪರ್ಮಿಟ್ ತಡೆಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮತ್ತೆ ಅನುಮತಿ ಸಿಕ್ಕಾಗ ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್‌ಗಳ ಮಿತಿ ಬಿತ್ತು. ಮುಂದೆ ಅದನ್ನು ಹಂತಹಂತವಾಗಿ ಏರಿಸಲಾಯಿತು.

ರಸ್ತೆ ಯೋಜನೆಯ ದೃಷ್ಟಿಯಿಂದ ಈ ಮಿತಿ ಯಾವ ಡಾಂಬರೀಕರಣಕ್ಕಿಂತಲೂ ಮಹತ್ವದ್ದು ಎನ್ನಬೇಕು. ಅಷ್ಟೂ ಅದಿರು ಲಾರಿಗೇ ಬಂದರೂ 20 ಟನ್ ಲೋಡಿನ ಲೆಕ್ಕದಲ್ಲಿ ವರ್ಷಕ್ಕೆ 12.5 ಲಕ್ಷ, ಅಂದರೆ ದಿನಕ್ಕೆ ಸುಮಾರು 3,400 ಲೋಡು. ಹೀಗೊಂದು ಗರಿಷ್ಠ ಅಂದಾಜು ಕೈಗೆ ಸಿಗದೆ ರಸ್ತೆಯ ದಪ್ಪ ನಿರ್ಧರಿಸುವುದು ಬರೀ ಊಹೆ.

ಆಕ್ಸಲ್ ಭಾರದ ಲೆಕ್ಕ

ರಸ್ತೆಯನ್ನು ಹಾಳುಮಾಡುವುದು ಲಾರಿಗಳ ಸಂಖ್ಯೆಗಿಂತ ಒಂದೊಂದು ಆಕ್ಸಲ್ ಹೊರುವ ಭಾರ. ಈ ತಿಳಿವಳಿಕೆಯ ಮೂಲ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಊರಿನ ಬಳಿ 1958ರಿಂದ 1960ರವರೆಗೆ ನಡೆದ ಆಶೋ ರಸ್ತೆ ಪರೀಕ್ಷೆ. ಅಲ್ಲಿ ಆರು ಸುತ್ತುದಾರಿಗಳನ್ನು ಕಟ್ಟಿ, ಒಂದನ್ನು ವಾಹನವೇ ಓಡಿಸದೆ ಬಿಟ್ಟು, ಉಳಿದವುಗಳ ಮೇಲೆ ಸೇನೆಯ ಚಾಲಕರಿಂದ ಗೊತ್ತಾದ ತೂಕದ ಲಾರಿಗಳನ್ನು ಹಗಲಿರುಳು ಓಡಿಸಿದರು. ಹಾನಿಯು ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ ಎಂಬ ನಿಯಮ ಅದರಿಂದ ಬಂತು. ಹೀಗಾಗಿ ಭಾರ ಶೇ 20ರಷ್ಟು ಹೆಚ್ಚಿದರೆ ಹಾನಿ ಎರಡು ಪಟ್ಟು, ಶೇ 50 ಹೆಚ್ಚಿದರೆ ಐದು ಪಟ್ಟು. ಅರ್ಧ ಟನ್ನಿನ ಕಾರಿನ ಆಕ್ಸಲ್‌ಗೂ 8 ಟನ್ನಿನ ಲಾರಿ ಆಕ್ಸಲ್‌ಗೂ ಇರುವ ಅಂತರ 65,000 ಪಟ್ಟನ್ನು ಮೀರುತ್ತದೆ. ಬೈಕು, ಆಟೋಗಳನ್ನು ಈ ಲೆಕ್ಕದಿಂದ ಬಿಟ್ಟರೂ ನಡೆಯುತ್ತದೆ.

ನಿಯಮವನ್ನು ಅಕ್ಷರಶಃ ನಂಬುವುದೂ ತಪ್ಪು. ಪರೀಕ್ಷೆ ನಡೆದದ್ದು ಒಂದೇ ಬಗೆಯ ಮಣ್ಣಿನ ಮೇಲೆ, ಹಿಮ ಬೀಳುವ ಹವೆಯಲ್ಲಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 37 ಮಾರ್ಗಸೂಚಿ ಬಿರುಕಿಗೂ ಚಕ್ರದ ಜಾಡು ಕುಸಿಯುವುದಕ್ಕೂ ಬೇರೆ ಬೇರೆ ಘಾತಗಳನ್ನು ಬಳಸುತ್ತದೆ. ಆದರೂ ಲಾರಿಯ ಹಾನಿಯನ್ನು 80 ಕಿಲೋನ್ಯೂಟನ್‌ನ ಪ್ರಮಾಣ ಆಕ್ಸಲ್‌ಗೆ ಪರಿವರ್ತಿಸುವಾಗ ನಾಲ್ಕನೇ ಘಾತವೇ ಉಳಿದುಕೊಂಡಿದೆ. ಒಂಟಿ ಆಕ್ಸಲ್‌ಗೆ ಇದ್ದ 10.2 ಟನ್ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 11.5 ಟನ್‌ಗೆ ಏರಿಸಿತು. ಏರಿಕೆ ಶೇ 13ರಷ್ಟೇ. ಮಿತಿ ಮುಟ್ಟುವಂತೆ ತುಂಬಿದ ಆಕ್ಸಲ್‌ನಿಂದಾಗುವ ಹಾನಿ ಮಾತ್ರ ಶೇ 60ಕ್ಕೂ ಹೆಚ್ಚು. ಹಳೆಯ ಮಿತಿಗೆ ಕಟ್ಟಿದ ರಸ್ತೆಗಳ ಆಯಸ್ಸು ಕಾನೂನುಬದ್ಧ ಲೋಡಿನಿಂದಲೇ ಕುಗ್ಗುತ್ತದೆ.

ಗಣಿ ರಸ್ತೆಗೆ ಇನ್ನೊಂದು ವಿಶೇಷವಿದೆ. ತುಂಬಿದ ಲಾರಿಗಳು ಒಂದೇ ದಿಕ್ಕಿಗೆ ಹೋಗುತ್ತವೆ, ಖಾಲಿ ಲಾರಿಗಳು ಎದುರು ದಿಕ್ಕಿನಿಂದ ಬರುತ್ತವೆ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಲೋಡು ಹೋಗುವ ಬದಿ ಬೇಗ ಕುಸಿಯುತ್ತದೆ. ಆಕ್ಸಲ್ ಸಮೀಕ್ಷೆಯನ್ನು ಎರಡೂ ದಿಕ್ಕಿಗೆ ಪ್ರತ್ಯೇಕವಾಗಿ ಮಾಡಿ, ಹೆಚ್ಚಿನ ಹಾನಿಯ ದಿಕ್ಕಿಗೆ ತಕ್ಕಂತೆ ವಿನ್ಯಾಸ ಮಾಡಬೇಕು. ಏರುಗಳಲ್ಲಿ ಲಾರಿ ತೆವಳುವುದರಿಂದ ಡಾಂಬರಿನ ಮೇಲೆ ಒತ್ತಡ ಹೆಚ್ಚು ಹೊತ್ತು ನಿಲ್ಲುತ್ತದೆ. ಬೇಸಿಗೆಯ ಬಳ್ಳಾರಿಯಲ್ಲಿ ಇದು ಸಣ್ಣ ವಿಷಯವಲ್ಲ.

ನೆಲ ಮತ್ತು ಅಗಲ

ಬಯಲಿನ ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಅದನ್ನು ತೆಗೆದು ಗರಸು ತುಂಬದೆ, ಇಲ್ಲವೇ ಸುಣ್ಣ ಬೆರೆಸಿ ಗಟ್ಟಿಮಾಡದೆ ಮೇಲೆ ಎಷ್ಟು ಜಲ್ಲಿ ಹಾಕಿದರೂ ಹೆಚ್ಚು ಕಾಲ ನಿಲ್ಲದು. ಹಳ್ಳಿ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್, 2.5 ಮೀಟರ್ ಅಗಲದ ಎರಡು ಲಾರಿಗಳು ಎದುರಾದರೆ ಚಕ್ರ ಅಂಚಿಗಿಳಿಯಲೇಬೇಕು. ಅಂಚು ಒಡೆದು ಮೊದಲು ಆಯ ತಪ್ಪುವವನು ಬೈಕ್ ಸವಾರ. 5.5 ಮೀಟರ್ ಅಗಲ ಅರೆಪರಿಹಾರ, 7 ಮೀಟರಿನ ದ್ವಿಪಥವೇ ಸೂಕ್ತ. ಮೋರಿಗಳನ್ನು ಅಗಲಿಸದೆ ರಸ್ತೆಯನ್ನಷ್ಟೇ ಅಗಲಿಸುವ ರೂಢಿ ಅಪಾಯಕಾರಿ.

ದೂಳಿಗೆ ಟಾರ್ಪಾಲು ಮುಚ್ಚುವುದು, ನೀರು ಚಿಮುಕಿಸುವುದು ತಾತ್ಕಾಲಿಕ ಉಪಾಯಗಳು.

ನಿಯಂತ್ರಣ ಮತ್ತು ಹಣ

ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಲಾರಿಗಳ ಸಂಚಾರವನ್ನು ನಿರ್ಬಂಧಿಸಲು ಅಧಿಕಾರ ಕೊಡುತ್ತದೆ. ಶಾಲೆಯ ವೇಳೆಗೆ ಲಾರಿ ತಡೆಯಲು ಇದು ಬಳಕೆಗೆ ಬರಬಲ್ಲದು. ಅತಿಭಾರಕ್ಕೆ 194ನೇ ಕಲಮಿನಡಿ 20,000 ರೂ. ಮತ್ತು ಹೆಚ್ಚುವರಿ ಟನ್ನಿಗೆ 2,000 ರೂ. ದಂಡವಿದೆ. ಆದರೆ ದಂಡ ಬೀಳುವ ಹೊತ್ತಿಗೆ ಲಾರಿ ರಸ್ತೆಗಿಳಿದಾಗಿರುತ್ತದೆ. ಗಣಿಯ ಬಾಗಿಲಲ್ಲೇ ವೇಬ್ರಿಡ್ಜ್ ಇಟ್ಟು, ಪರ್ಮಿಟ್ಟನ್ನು ಅದರ ತೂಕಕ್ಕೆ ಕಟ್ಟಿಹಾಕುವುದು ಹೆಚ್ಚು ಫಲಕಾರಿ.

2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳಿಗೆ ಆದ್ಯತೆ. ರಸ್ತೆಗಳು ಅವುಗಳ ನಂತರದ ಪಾಲಿನಲ್ಲಿ ಬರುತ್ತವೆ. ಇದಲ್ಲದೆ ಅದಿರು ಮಾರಾಟದ ಹಣದ ಒಂದು ಭಾಗದಿಂದ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸಿದ್ಧಪಡಿಸಿದ ಸುಮಾರು 25,000 ಕೋಟಿ ರೂ. ಯೋಜನೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಿಗೆ ಕೊಟ್ಟಿತು. ತೋರಣಗಲ್ಲಿನ ಉಕ್ಕು ಕಾರ್ಖಾನೆಗೆ ಗಣಿ ಕಡೆಯಿಂದ ಹಾಕಿರುವ ಕೊಳವೆ ಕನ್ವೇಯರ್ ಈ ರಸ್ತೆ ಕಾಮಗಾರಿಗಳ ಪಟ್ಟಿಗೆ ಸೇರಿದ್ದಲ್ಲ. ಆದರೂ ಸಂಡೂರಿನ ರಸ್ತೆಗಳ ಮೇಲಿನ ಲೋಡನ್ನು ಅದು ಇಳಿಸುತ್ತದೆ.