ರಕ್ತಸಾಕ್ಷಿಗಳಾಗದವರು: ಶ್ರೀರಂಗಪಟ್ಟಣದ ಸೆರೆ ಮತ್ತು ಅಬ್ಬೆ ದುಬಾಯ್ ತೀರ್ಪು

ಒಳ್ಳೆಯವನೂ ಸರ್ವಶಕ್ತನೂ ಆದ ದೇವರ ಸೃಷ್ಟಿಯಲ್ಲಿ ಕೇಡೇಕೆ ಎಂಬ ಪ್ರಶ್ನೆಗೆ ಕ್ರೈಸ್ತ ಚಿಂತಕರು ಕೊಟ್ಟ ಉತ್ತರಗಳು ಪರಿಚಿತವೇ. ಕೇಡು ಒಳಿತಿನ ಅಭಾವ ಎಂದ ಅಗಸ್ಟೀನ್, ಸಾಧ್ಯವಿರುವ ಲೋಕಗಳಲ್ಲಿ ಇದೇ ಉತ್ತಮ ಎಂದ ಲೈಬ್‌ನಿಟ್ಸ್ (1710), ಸಂಕಟದಲ್ಲಿ ಆತ್ಮ ಮಾಗುತ್ತದೆ ಎಂದ ಜಾನ್ ಹಿಕ್ (1966), ಇವರನ್ನು ಇಲ್ಲಿ ಮತ್ತೆ ಬಿಡಿಸಬೇಕಿಲ್ಲ. ನನ್ನ ತಕರಾರು ಬೇರೆ. ಸಂಕಟವನ್ನು ದೇವರ ಪರೀಕ್ಷೆಯೆಂದು ಒಪ್ಪಿದೊಡನೆ ಸಂಕಟಪಟ್ಟವರಿಗೆ ಅಂಕ ಹಾಕುವವರೂ ಹುಟ್ಟಿಕೊಳ್ಳುತ್ತಾರೆ. ಮೈಸೂರು ಸೀಮೆಯಲ್ಲಿ ಹಾಗೆ ಅಂಕ ಹಾಕಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್.

1784ರಲ್ಲಿ ಟಿಪ್ಪು ಸುಲ್ತಾನ, ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯ ಮೇಲೆ, ಕೆನರಾದ ಕೊಂಕಣಿ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರು 30,000ವೋ 60,000ವೋ ಎಂಬ ವಿವಾದ ಇನ್ನೂ ಮುಗಿದಿಲ್ಲ. 1799ರಲ್ಲಿ ಕೋಟೆ ಬಿದ್ದ ಮೇಲೆ, ಉಳಿದವರನ್ನು ಮತ್ತೆ ಸಭೆಗೆ ಸೇರಿಸಲು ಬಂದವರು ದುಬಾಯ್. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು, ಸೆರೆಯಲ್ಲಿ ಬಲವಂತದ ಸುನ್ನತಿಗೂ ಇಸ್ಲಾಮಿಗೆ ಮತಾಂತರಕ್ಕೂ ಗುರಿಯಾದ ಅಷ್ಟು ಸಾವಿರ ಜನರಲ್ಲಿ ರಕ್ತಸಾಕ್ಷಿಯಾಗುವ ಧೈರ್ಯ ಒಬ್ಬರಿಗೂ ಇರಲಿಲ್ಲವೆಂದು ನಾಚಿಕೆಪಟ್ಟು ಬರೆದರು.

ಈ ತೀರ್ಪನ್ನು ಚರಿತ್ರೆಯ ಸಾಕ್ಷ್ಯವಾಗಿ ಎತ್ತಿ ಹೇಳುವವರು ಆ ಪುಸ್ತಕದ ಉದ್ದೇಶವನ್ನು ಮರೆಯುತ್ತಾರೆ. ಹಿಂದೂಗಳ ನಿಜವಾದ ಮತಾಂತರ ಅಸಾಧ್ಯ ಎಂಬುದೇ ಅದರ ವಾದ. ಸಾಮೂಹಿಕ ಧರ್ಮತ್ಯಾಗದ ಕಥೆ ಅದಕ್ಕೆ ಒದಗಿಬಂದ ಪುರಾವೆ. ಆದರೆ ಅದೇ ಲೇಖನಿ ಇನ್ನೊಂದನ್ನೂ ದಾಖಲಿಸಿದೆ. ತ್ಯಾಗ ಹೊರಗಿನದು ಮಾತ್ರ, ಎದೆಯೊಳಗಿನ ವಿಶ್ವಾಸ ಅಳಿದಿಲ್ಲ ಎನ್ನುತ್ತ ಸುಮಾರು 2,000 ಮಂದಿ ದುಬಾಯ್ ಬಳಿಗೇ ಬಂದರು; ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಮರಳಿ ಕೆಡವಿದ್ದ ಚರ್ಚುಗಳನ್ನು ಮತ್ತೆ ಕಟ್ಟಿದರು. ಹದಿನೈದು ವರ್ಷದ ಸೆರೆಯ ನಂತರದ ಮಾತಿದು. ಬಂದವರನ್ನು ದುಬಾಯ್ ಹೊರಗೆ ನಿಲ್ಲಿಸಲಿಲ್ಲ. ಮೂರನೆಯ ಶತಮಾನದಲ್ಲಿ ರೋಮನ್ ಚಕ್ರವರ್ತಿ ಡೇಸಿಯಸ್‌ಗೆ ಹೆದರಿ ರೋಮನ್ ದೇವತೆಗಳಿಗೆ ಬಲಿಯರ್ಪಿಸಿದ ಕ್ರೈಸ್ತರನ್ನು ಪಶ್ಚಾತ್ತಾಪದ ನಂತರ ಸೇರಿಸಿಕೊಳ್ಳಬೇಕೆಂದ ಬಿಷಪ್ ಸಿಪ್ರಿಯನ್ನನ ದಾರಿಯನ್ನೇ ಅವರು ಹಿಡಿದರು. ಪಾದ್ರಿ ಕ್ಷಮಿಸಿದ, ಗ್ರಂಥಕರ್ತ ಕ್ಷಮಿಸಲಿಲ್ಲ.

ಇನ್ನೂ ಮುಂದೆ ಹೋಗಿ ಹೇಳಬಹುದೆಂದು ನನಗನಿಸುತ್ತದೆ: ಬಲವಂತದ ಸುನ್ನತಿ ಧರ್ಮತ್ಯಾಗವೇ ಅಲ್ಲ. 410ರಲ್ಲಿ ರೋಮ್ ಸೂರೆಯಾದಾಗ ಮಾನಭಂಗಕ್ಕೊಳಗಾದ ಸ್ತ್ರೀಯರ ಬಗ್ಗೆ ಅಗಸ್ಟೀನ್ ವಾದಿಸಿದ್ದು ಇದನ್ನೇ. ಮನಸ್ಸು ಒಪ್ಪದಿದ್ದರೆ ಇನ್ನೊಬ್ಬರು ದೇಹದ ಮೇಲೆಸಗಿದ ಕೇಡು ಸಂಕಟಪಟ್ಟವರ ಪಾಪವಾಗದು. ಈ ಹೋಲಿಕೆಗೆ ಮಿತಿಗಳುಂಟು. ಅಗಸ್ಟೀನ್ ಮಾತಾಡಿದ್ದು ದೇಹದ ಬಗ್ಗೆ, ಬಾಯಿಯ ನಿರಾಕರಣೆಯ ಬಗ್ಗೆ ಅಲ್ಲ. ಮತಾಂತರಿತ ಸೆರೆಯಾಳುಗಳನ್ನು ಸೇರಿಸಿಕೊಂಡಿದ್ದ ಸುಲ್ತಾನನ ಅಹ್ಮದಿ ಪಡೆಗಳಲ್ಲಿ ದುಡಿದವರಲ್ಲಿ ಬಲವಂತವೆಷ್ಟು, ಒಪ್ಪಿಗೆಯೆಷ್ಟು ಎಂದು ತೂಗುವುದೂ ಕಷ್ಟ. ಸೋತ ಸುಲ್ತಾನನ ಸೆರೆಯಿಂದ ಬಂದವರು ಹೊಸ ಪಾದ್ರಿಯ ಮುಂದೆ ಹೇಳಿದ ಮಾತನ್ನು ಅಕ್ಷರಶಃ ನಂಬುವಂತಿಲ್ಲ. ಊರಿಗೆ ಎಳೆದದ್ದು ಭಕ್ತಿಯಷ್ಟೇ ಅಲ್ಲ, ಹೊಲ, ನಂಟು, ಮದುವೆ ಸಂಬಂಧಗಳೂ ಇದ್ದಾವು. ಇಷ್ಟನ್ನು ಕಳೆದರೂ ದುಬಾಯ್ ತೀರ್ಪು ನಿಲ್ಲುವುದಿಲ್ಲ. ಸಂಕಟಪಟ್ಟವನಲ್ಲೇ ತಪ್ಪು ಹುಡುಕಿ ದೇವರ ಪಕ್ಷ ವಹಿಸಿದ ಯೋಬನ ಗೆಳೆಯರನ್ನು ದೇವರೇ ಗದರಿಸುವುದು ಬೈಬಲಿನ ಯೋಬನ ಗ್ರಂಥದ ಕೊನೆಯ ಅಧ್ಯಾಯದಲ್ಲಿದೆ. ದುಬಾಯ್ ಅದನ್ನು ಓದದವರೇನಲ್ಲ.

ನನ್ನ ವಾದವೂ ಒಂದೆಡೆ ತೊಡರುತ್ತದೆ. ನಾನು ಮರಳಿದವರನ್ನು ಬಿಡಿಸಿದ್ದು ಅವರು ಮರಳಿದರೆಂಬ ಆಧಾರದ ಮೇಲೆ. ಸೆರೆಯಲ್ಲೇ ಸತ್ತವರು, ಹೊಸ ಧರ್ಮದಲ್ಲೇ ಉಳಿದು ಶ್ರೀರಂಗಪಟ್ಟಣದಲ್ಲಿ ಸಂಸಾರ ಹೂಡಿದವರು ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತಾರೆ? ಅಗಸ್ಟೀನನ ತರ್ಕ ಮೊದಲಿನವರವರೆಗೆ ಚಾಚಬಹುದು. ಎರಡನೆಯವರಿಗೆ ಅದು ಸಾಲದು.